ಫಾದರ್ ಕ್ರೆಸ್ಪಿ ಕೊಂಡಿಟ್ಟ ತಗಡುಗಳು: ಒಂದು ಪ್ರಕರಣ ಅಧ್ಯಯನ

ಬಂಗಾರದ ಬಣ್ಣದ ಒಂದು ತಗಡು. ನಡುವೆ ಇಟ್ಟಿಗೆ ಜೋಡಿಸಿದ ಹಾಗೆ ಗೆರೆ ಕೊರೆದ ಪಿರಮಿಡ್. ಅದರ ನೆತ್ತಿಯ ಮೇಲೆ ಸೂರ್ಯ. ಅಕ್ಕಪಕ್ಕ ಬೆಕ್ಕಿನ ಜಾತಿಯ ಪ್ರಾಣಿಗಳು. ಬುಡದಲ್ಲಿ ಆನೆಗಳು. ಇನ್ನೂ ಕೆಳಗೆ ಯಾರಿಗೂ ಓದಲು ಬಾರದ ಅಕ್ಷರಗಳ ಒಂದು ಸಾಲು.

ಆನೆ ನಮಗೇನೂ ಹೊಸದಲ್ಲ. ಆದರೆ ಈ ತಗಡು ಇದ್ದದ್ದು ದಕ್ಷಿಣ ಅಮೆರಿಕದ ಇಕ್ವೆಡಾರ್ ದೇಶದಲ್ಲಿ, ಒಬ್ಬ ಇಟಾಲಿಯನ್ ಪಾದ್ರಿಯ ಹತ್ತಿರ. ಆ ಖಂಡದಲ್ಲಿ ಆನೆ ಇಲ್ಲ. ಆನೆಗೆ ದೂರದ ನೆಂಟನಾದ ಗೊಂಫೊಥೀರ್ ಎಂಬ ಪ್ರಾಣಿ ಅಲ್ಲಿತ್ತು ನಿಜ, ಆದರೆ ಅದು ಅಳಿದು ಹತ್ತು ಸಾವಿರ ವರ್ಷದ ಮೇಲಾಯಿತು. ಹಾಗಾದರೆ ತಗಡಿನ ಮೇಲೆ ಆನೆ ಎಲ್ಲಿಂದ ಬಂತು?

ಐವತ್ತು ವರ್ಷಗಳಿಂದ ಈ ಪ್ರಶ್ನೆಗೆ ತರಹೇವಾರಿ ಉತ್ತರಗಳು ಓಡಾಡುತ್ತಿವೆ. ಅನ್ಯಗ್ರಹದವರು ಬಂದಿದ್ದರು ಅಂತ ಕೆಲವರು. ಮೆಡಿಟರೇನಿಯನ್ ಕಡಲಿನ ಪ್ರಾಚೀನ ವರ್ತಕರಾದ ಫಿನೀಷಿಯನ್ನರು ಹಡಗಿನಲ್ಲಿ ಬಂದಿದ್ದರು ಅಂತ ಇನ್ನು ಕೆಲವರು. ಯೂಟ್ಯೂಬ್‌ನಲ್ಲಿ ಹುಡುಕಿದರೆ ಈ ತಗಡಿನ ಚಿತ್ರ ಇವತ್ತಿಗೂ ಸಿಗುತ್ತದೆ, ಹಿಂದೆ ಗಂಭೀರ ಸಂಗೀತದ ಜೊತೆ. ಆ ವಿಡಿಯೊಗಳಲ್ಲಿ ಹೆಚ್ಚಿನವು ಆ ತಗಡನ್ನು ದುಡ್ಡು ಕೊಟ್ಟು ಕೊಂಡ ಮನುಷ್ಯನ ಬಗ್ಗೆ ಎರಡು ಮಾತು ಹೇಳಿ ಮುಂದೆ ಹೋಗುತ್ತವೆ. ತಗಡು ಮಾಡಿ ತಂದುಕೊಟ್ಟವರ ಬಗ್ಗೆಯಂತೂ ಮಾತೇ ಇಲ್ಲ. ನನಗೆ ಈ ಪ್ರಕರಣದಲ್ಲಿ ಮುಖ್ಯ ಅನಿಸುವುದು ಆ ಇಬ್ಬರೇ.

ಪಾದ್ರಿ

ಕಾರ್ಲೊ ಕ್ರೆಸ್ಪಿ ಕ್ರೋಚಿ ಹುಟ್ಟಿದ್ದು 1891ರ ಮೇ 29ರಂದು, ಮಿಲಾನ್ ಹತ್ತಿರದ ಲೆನ್ಯಾನೊ ಎಂಬ ಊರಿನಲ್ಲಿ. ಸಲೇಷಿಯನ್ ಸಭೆ ಸೇರಿ ಪಾದ್ರಿಯಾದರು. ಬೆಂಗಳೂರಿನ ಕಡೆಯವರಿಗೆ ಡಾನ್ ಬಾಸ್ಕೋ ಅಂದರೆ ಗೊತ್ತಲ್ವಾ, ಅದೇ ಸಲೇಷಿಯನ್ನರು. ಬಡ ಮಕ್ಕಳಿಗೆ ಓದು ಕಲಿಸುವುದು, ಜೊತೆಗೊಂದು ಕೈಕಸುಬು ಕಲಿಸುವುದು ಅವರ ದಾರಿ.

ಕ್ರೆಸ್ಪಿ ಸಾಧಾರಣ ಓದಿನವರಲ್ಲ. ಪಾದುವಾ ವಿಶ್ವವಿದ್ಯಾಲಯದಲ್ಲಿ ನಿಸರ್ಗ ವಿಜ್ಞಾನ ಓದಿದ್ದರು. ಪಿಯಾನೊ ಮತ್ತು ಸಂಗೀತ ರಚನೆಯನ್ನೂ ಕಲಿತಿದ್ದರು. 1923ರಲ್ಲಿ ಇಕ್ವೆಡಾರ್‌ಗೆ ಬಂದರು. 1925ರಲ್ಲಿ ವ್ಯಾಟಿಕನ್‌ನಲ್ಲಿ ದೊಡ್ಡ ಮಿಷನರಿ ಪ್ರದರ್ಶನ ಇತ್ತು. ಅದಕ್ಕೆ ಬೇಕಾದ ಗಿಡ, ಪ್ರಾಣಿ, ಜನಬಳಕೆಯ ವಸ್ತುಗಳನ್ನು ಕೂಡಿಸಿ ಕಳಿಸುವ ಕೆಲಸ ಅವರ ಹೆಗಲಿಗೆ ಬಿದ್ದಿತ್ತು. ಅಂದರೆ ಸಂಗ್ರಹ ಮಾಡುವುದು ಅವರಿಗೆ ಮೊದಲ ದಿನದಿಂದಲೇ ಕೆಲಸವಾಗಿತ್ತು. ಆ್ಯಂಡೀಸ್ ಪರ್ವತ ಇಳಿದು ಅಮೆಜಾನ್ ಕಾಡಿನ ಅಂಚಿಗೆ ಹೋದರು. ಅಲ್ಲಿನ ಶುವಾರ್ ಜನರ ಬಗ್ಗೆ 1920ರ ದಶಕದಲ್ಲೇ ಒಂದು ಸಾಕ್ಷ್ಯಚಿತ್ರ ತೆಗೆದರು. ಆ ಕಾಲದಲ್ಲಿ ಕ್ಯಾಮೆರಾ, ರೀಲು ಎಲ್ಲಾ ಹೇಸರಗತ್ತೆ ಮೇಲೆ, ಜನರ ಬೆನ್ನ ಮೇಲೆ ಹೋಗಬೇಕಿತ್ತು.

ಆಮೇಲೆ ಕ್ವೆಂಕಾ ಎಂಬ ಊರಲ್ಲಿ ನೆಲೆ ನಿಂತರು. ಸಮುದ್ರಮಟ್ಟದಿಂದ ಸುಮಾರು 2500 ಮೀಟರ್ ಎತ್ತರದ ಊರು ಅದು. ಸಾಯುವ ತನಕ, 1982ರ ಏಪ್ರಿಲ್ 30ರ ತನಕ, ಅದೇ ಅವರ ಊರು. ಶಾಲೆ ಕಟ್ಟಿಸಿದರು, ಬಡ ಮಕ್ಕಳಿಗೆ ಊಟ ಹಾಕಿದರು. ಮಕ್ಕಳಿಗೆ ಸಿನಿಮಾ ತೋರಿಸುವುದೆಂದರೆ ಅವರಿಗೆ ಬಹಳ ಇಷ್ಟ. ಕೈಯಲ್ಲಿ ಒಂದು ಸಣ್ಣ ಗಂಟೆ ಇರುತ್ತಿತ್ತು. ಗಲಾಟೆ ಮಾಡುವ ಹುಡುಗರ ತಲೆಗೆ ಅದರಿಂದಲೇ ಮೆಲ್ಲಗೆ ತಟ್ಟುತ್ತಿದ್ದರಂತೆ. ಬಣ್ಣ ಮಾಸಿದ ನಿಲುವಂಗಿ, ಉದ್ದ ಬಿಳಿ ಗಡ್ಡ. ಮುಪ್ಪಿನಲ್ಲೂ ಗಂಟೆಗಟ್ಟಲೆ ಪಾಪನಿವೇದನೆ ಕೇಳುತ್ತಾ ಕೂರುತ್ತಿದ್ದರು. ಕ್ವೆಂಕಾದ ಜನ ಅವರನ್ನು ಬದುಕಿದ್ದಾಗಲೇ ಸಂತ ಎಂದು ಕರೆದರು. 2023ರ ಮಾರ್ಚ್‌ನಲ್ಲಿ ಪೋಪ್ ಫ್ರಾನ್ಸಿಸ್ ಅವರಿಗೆ ‘ವಂದನೀಯ’ ಎಂಬ ಸ್ಥಾನ ಕೊಟ್ಟರು. ಕ್ಯಾಥೊಲಿಕ್ ಸಭೆಯಲ್ಲಿ ಸಂತ ಪದವಿಗೆ ಹೋಗುವ ಹಾದಿಯಲ್ಲಿ ಅದೊಂದು ಮೆಟ್ಟಿಲು.

ಇಷ್ಟು ವಿವರ ಕೊಟ್ಟದ್ದಕ್ಕೆ ಕಾರಣವಿದೆ. ಕ್ರೆಸ್ಪಿ ಏನೂ ತಿಳಿಯದ ಮುಗ್ಧ ಮುದುಕ ಎಂದು ಒಂದು ಕಡೆಯವರು ಬರೆಯುತ್ತಾರೆ. ರಹಸ್ಯ ಬಚ್ಚಿಟ್ಟುಕೊಂಡ ಜ್ಞಾನಿ ಎಂದು ಇನ್ನೊಂದು ಕಡೆಯವರು. ಅವರ ಜೀವನ ನೋಡಿದರೆ ಎರಡೂ ಹೊಂದುವುದಿಲ್ಲ.

ಊರು, ಮಣ್ಣು, ಹಸಿವು

ಕ್ವೆಂಕಾ ಸುತ್ತಲಿನ ಮಣ್ಣು ಹಳೆಯದು. ಇಂಕಾಗಳು ಬರುವ ಮೊದಲು ಅದು ಕಾನ್ಯಾರಿ ಜನರ ನಾಡು. 15ನೇ ಶತಮಾನದಲ್ಲಿ ಇಂಕಾಗಳು ಬಂದು ಅಲ್ಲಿ ತೊಮೆಬಾಂಬಾ ಎಂಬ ದೊಡ್ಡ ನಗರ ಕಟ್ಟಿದರು. ಇಂಕಾ ದೊರೆ ಹುವಾಯ್ನಾ ಕಾಪಾಕ್ ಹುಟ್ಟಿದ್ದು ಅಲ್ಲೇ ಎನ್ನುತ್ತಾರೆ. 1557ರಲ್ಲಿ ಸ್ಪೇನಿನವರು ಅದೇ ಜಾಗದಲ್ಲಿ ತಮ್ಮ ಊರು ಎಬ್ಬಿಸಿದರು. ಹಾಗಾಗಿ ಆ ಸೀಮೆಯಲ್ಲಿ ಆಲೂಗಡ್ಡೆಗೆ ನೆಲ ಅಗೆದರೂ ಹಳೆಯ ಮಡಕೆ ಸಿಗುವುದುಂಟು.

ಹತ್ತಿರದ ಚೊರ್ದೆಲೆಗ್ ಎಂಬ ಊರಲ್ಲಿ 19ನೇ ಶತಮಾನದ ನಡುವೆ ಗೋರಿಗಳಿಂದ ರಾಶಿ ಬಂಗಾರ ಸಿಕ್ಕಿತು. ಅದರಲ್ಲಿ ಬಹುಪಾಲು ಮೂಸೆಗೆ ಹೋಗಿ ಕರಗಿತು. ಗೋರಿ ಅಗೆಯುವವರನ್ನು ಅಲ್ಲಿ ಹುವಾಕೆರೊ ಎನ್ನುತ್ತಾರೆ. ಹೆಸರಿನ ಹಿಂದೆ ಒಂದು ಇಡೀ ಕಸುಬು ಇದೆ. ಅದೇ ಚೊರ್ದೆಲೆಗ್ ಇವತ್ತಿಗೂ ಅಕ್ಕಸಾಲಿಗರ ಊರು. ಬೆಳ್ಳಿ, ಬಂಗಾರದ ತಂತಿ ಹೆಣೆದು ಒಡವೆ ಮಾಡುವುದರಲ್ಲಿ ಅವರದು ಎತ್ತಿದ ಕೈ. ಲೋಹ ಬಡಿದು ಚಿತ್ರ ಎಬ್ಬಿಸಬಲ್ಲ ಕೈಗಳು ಆ ಸೀಮೆಯಲ್ಲಿ ಎಂದೂ ಕಡಿಮೆ ಇರಲಿಲ್ಲ ಅನ್ನುವುದನ್ನು ಇಲ್ಲಿ ನೆನಪಿಟ್ಟುಕೊಳ್ಳಬೇಕು.

ಇನ್ನೊಂದು ಮಾತು, ಇದನ್ನು ರಹಸ್ಯದ ಕತೆ ಹೇಳುವವರು ಬಿಟ್ಟುಬಿಡುತ್ತಾರೆ. ಪನಾಮಾ ಹ್ಯಾಟ್ ಅಂತ ಜಗತ್ತು ಕರೆಯುವ ಟೋಪಿ ನಿಜಕ್ಕೂ ಇಕ್ವೆಡಾರ್‌ನದು. ಕ್ವೆಂಕಾ ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆಯಲ್ಲೂ ಆ ಟೋಪಿ ಹೆಣೆಯುತ್ತಿದ್ದರು. 1940ರ ದಶಕದ ನಡುವೆ ಅದು ದೇಶದ ಅತಿ ದೊಡ್ಡ ರಫ್ತುಗಳಲ್ಲಿ ಒಂದು. ನಂತರ ಬೇಡಿಕೆ ಬಿದ್ದುಹೋಯಿತು. 1950ರ ದಶಕದಲ್ಲಿ ಇಡೀ ಸೀಮೆ ಕಂಗೆಟ್ಟಿತು. ಹೆಣೆದ ಟೋಪಿಗೆ ಕೊಳ್ಳುವವರಿಲ್ಲ. ಜನ ಕರಾವಳಿಗೆ ಗುಳೆ ಹೋದರು, ಆಮೇಲೆ ಅಮೆರಿಕಕ್ಕೂ ಹೋದರು. ಉಳಿದವರು ಕೈಯಲ್ಲಿ ಏನಿದೆಯೋ ಅದನ್ನೇ ಮಾರಬೇಕಾಯಿತು. ಕೈಯಲ್ಲಿದ್ದದ್ದು ಎರಡೇ: ನೆಲದಲ್ಲಿ ಸಿಗುವ ಹಳೆಯ ವಸ್ತು, ಮತ್ತು ಕೈಕಸುಬು.

ಅಂಥ ಊರಲ್ಲಿ ಒಬ್ಬ ಪಾದ್ರಿ ಹಳೆಯ ವಸ್ತು ತಂದರೆ ದುಡ್ಡು ಕೊಡುತ್ತಾರೆ ಎಂಬ ಸುದ್ದಿ ಹಬ್ಬಿದರೆ ಏನಾಗಬೇಕೋ ಅದೇ ಆಯಿತು.

ಬಾಗಿಲಿಗೆ ಬಂದದ್ದೆಲ್ಲ

ಮೊದಮೊದಲು ಬಂದವು ನಿಜವಾದ ವಸ್ತುಗಳು. ಮಣ್ಣಿನ ಪಾತ್ರೆ, ಕಲ್ಲಿನ ಕೊಡಲಿ, ತಾಮ್ರದ ಆಯುಧ, ಶಂಖ ಚಿಪ್ಪಿನ ಮಣಿ. ಕ್ರೆಸ್ಪಿಯವರು ಅವನ್ನು ಸಲೇಷಿಯನ್ನರ ಕಾರ್ನೆಲಿಯೊ ಮೆರ್ಚಾನ್ ಶಾಲೆಯಲ್ಲಿ ಜೋಡಿಸಿಟ್ಟು ಮ್ಯೂಸಿಯಂ ಮಾಡಿದರು. ಆ ಕಾಲಕ್ಕೆ ಕ್ವೆಂಕಾದಲ್ಲಿ ಅಂಥದ್ದು ದೊಡ್ಡ ವಿಷಯ. ಬೇರೆಯವರು ಕೊಂಡಿದ್ದರೆ ಅವು ಹಡಗು ಹತ್ತಿ ಹೊರದೇಶದ ಸಂಗ್ರಹಗಳಿಗೆ ಹೋಗುತ್ತಿದ್ದವು, ಇಲ್ಲವೇ ಮೂಸೆಗೆ. ಕ್ರೆಸ್ಪಿ ಕೊಂಡದ್ದು ಊರಲ್ಲೇ ಉಳಿಯಿತು. ಈ ಪುಣ್ಯ ಅವರಿಗೆ ಸಲ್ಲಬೇಕು.

ನಿಧಾನವಾಗಿ ಬೇರೆ ಬಗೆಯವೂ ಬರತೊಡಗಿದವು. ಹಿತ್ತಾಳೆ ತಗಡು, ತಾಮ್ರದ ತಗಡು, ತವರದ ತಗಡು. ಮೇಲೆ ಮೊಳೆಯಿಂದ, ಉಳಿಯಿಂದ ಕೊರೆದ ಚಿತ್ರಗಳು. ಅದರಲ್ಲಿ ಪಿರಮಿಡ್, ಗಡ್ಡದ ರಾಜ, ರೆಕ್ಕೆಯಿರುವ ಮನುಷ್ಯ, ಆನೆ, ಅರ್ಥವಾಗದ ಲಿಪಿ. 56 ಚೌಕಗಳಲ್ಲಿ ಒಂದೊಂದು ಗುರುತು ಒತ್ತಿದ ಒಂದು ಫಲಕವಂತೂ ಆಮೇಲೆ ಜಗತ್ಪ್ರಸಿದ್ಧವಾಯಿತು.

ಕ್ರೆಸ್ಪಿಯವರಿಗೆ ಗೊತ್ತಾಗಲಿಲ್ಲವೇ? ಅವರನ್ನು ಹತ್ತಿರದಿಂದ ಕಂಡವರು ಮತ್ತೆ ಮತ್ತೆ ಹೇಳಿರುವುದು ಒಂದೇ ಮಾತು. ಎಷ್ಟೋ ವಸ್ತು ಈಚೆಗೆ ಮಾಡಿದ್ದು ಅಂತ ಅವರಿಗೆ ಗೊತ್ತಿತ್ತು. ಆದರೂ ಕೊಳ್ಳುತ್ತಿದ್ದರು. ತಂದವನ ಮನೆಯಲ್ಲಿ ಒಲೆ ಹೊತ್ತಿಲ್ಲ ಎಂದು ಕೊಳ್ಳುತ್ತಿದ್ದರು. ಸುಮ್ನೆ ಭಿಕ್ಷೆ ಕೊಟ್ಟರೆ ಆತನ ಮಾನ ಹೋಗುತ್ತದೆ. ವಸ್ತು ಕೊಂಡು ದುಡ್ಡು ಕೊಟ್ಟರೆ ಮಾರಾಟ ಆಗುತ್ತದೆ. ತಂದವನು ತಲೆ ಎತ್ತಿಕೊಂಡು ಮನೆಗೆ ಹೋಗಬಹುದು. ಹಳ್ಳಿಯಲ್ಲಿ ಬೆಳೆದ ನಮ್ಮಲ್ಲಿ ಹಲವರಿಗೆ ಈ ವ್ಯವಹಾರ ಅರ್ಥವಾಗುತ್ತದೆ. ಬಾಗಿಲಿಗೆ ಬಂದ ಮುದುಕಿಯ ಹತ್ತಿರ ಬೇಡದಿದ್ದರೂ ಎರಡು ಕಟ್ಟು ಸೊಪ್ಪು ಜಾಸ್ತಿ ತೆಗೆದುಕೊಳ್ಳುವ ಅಜ್ಜಿಯರನ್ನು ನಾವು ನೋಡಿದ್ದೇವೆ.

ಆದರೆ ಇದು ಪೂರ್ತಿ ಸತ್ಯ ಅಲ್ಲ. ಹಲವು ವಸ್ತುಗಳನ್ನು ಅವರು ನಂಬಿಯೂ ಇದ್ದರು. ಬ್ಯಾಬಿಲೋನ್, ಈಜಿಪ್ಟ್, ಫಿನೀಷಿಯಾದ ಜನ ಬೈಬಲಿನ ಕಾಲದಲ್ಲೇ ಈ ಖಂಡಕ್ಕೆ ಬಂದಿದ್ದರು ಎಂಬ ಕಲ್ಪನೆ ಅವರಿಗೆ ಹಿಡಿಸಿತ್ತು. ನೋಡಲು ಬಂದವರಿಗೆ ಅದನ್ನೇ ಹುರುಪಿನಿಂದ ಹೇಳುತ್ತಿದ್ದರು. ಕರುಣೆಯಿಂದ ಕೊಂಡದ್ದೂ ಉಂಟು, ನಂಬಿ ಕೊಂಡದ್ದೂ ಉಂಟು. ಯಾವುದು ಯಾವ ರಾಶಿಯದು ಎಂದು ಅವರು ಬರೆದಿಡಲಿಲ್ಲ. ಈ ಪ್ರಕರಣದ ಗಂಟು ಇಲ್ಲೇ ಇದೆ.

ಸಾಲದ್ದಕ್ಕೆ ಬೆಂಕಿ. 1962ರ ಜುಲೈ 19ರಂದು ಮೆರ್ಚಾನ್ ಶಾಲೆಯ ಕಟ್ಟಡ ಹೊತ್ತಿ ಉರಿಯಿತು. ಮ್ಯೂಸಿಯಂನಲ್ಲಿದ್ದ ಬಹಳಷ್ಟು ವಸ್ತು ಬೂದಿಯಾಯಿತು. ಆಗ ಕ್ರೆಸ್ಪಿಗೆ 71 ವರ್ಷ. ಆ ವಯಸ್ಸಲ್ಲಿ ಶಾಲೆಯನ್ನೂ ಮತ್ತೆ ಎಬ್ಬಿಸಬೇಕಿತ್ತು. ಉಳಿದ ವಸ್ತುಗಳನ್ನು ಮರಿಯಾ ಆಕ್ಸಿಲಿಯಾದೋರಾ ಚರ್ಚಿನ ಪಕ್ಕದ ಕೋಣೆಗಳಲ್ಲಿ ತುಂಬಿದರು. ಜೋಡಿಸಿಟ್ಟದ್ದು ರಾಶಿಯಾಯಿತು. ಜನ ತರುವುದು ಮಾತ್ರ ನಿಲ್ಲಲಿಲ್ಲ. 1970ರ ದಶಕದಲ್ಲಿ ಹೊರಗಿನವರು ಬಂದು ಫೋಟೊ ತೆಗೆದದ್ದು ಹೆಚ್ಚಾಗಿ ಈ ಎರಡನೆಯ ರಾಶಿಯನ್ನು.

ಪುಸ್ತಕ ಬಂತು, ಗುಹೆ ಸೇರಿಕೊಂಡಿತು

ಪ್ರಾಚೀನ ಕಾಲದಲ್ಲಿ ಅನ್ಯಗ್ರಹದವರು ಭೂಮಿಗೆ ಬಂದಿದ್ದರು ಎಂದು ಬರೆಯುತ್ತಿದ್ದ ಸ್ವಿಟ್ಜರ್ಲೆಂಡಿನ ಲೇಖಕ ಎರಿಕ್ ಫಾನ್ ಡೇನಿಕೆನ್ 1972ರಲ್ಲಿ ತಮ್ಮ ಒಂದು ಪುಸ್ತಕದಲ್ಲಿ ಕ್ರೆಸ್ಪಿ ಸಂಗ್ರಹದ ಫೋಟೊಗಳನ್ನು ಹಾಕಿದರು. ಅದೇ ಪುಸ್ತಕದಲ್ಲಿ ಇನ್ನೊಂದು ಕತೆ. ಇಕ್ವೆಡಾರ್‌ನ ಮೊರೊನಾ ಸಾಂತಿಯಾಗೊ ಪ್ರಾಂತ್ಯದ ಕಾಡಿನ ಕೆಳಗೆ ಮೈಲಿಗಟ್ಟಲೆ ಸುರಂಗ ಇದೆ, ಅಲ್ಲಿ ಲೋಹದ ಹಾಳೆಗಳ ಒಂದು ಗ್ರಂಥಾಲಯವೇ ಇದೆ, ಹುವಾನ್ ಮೋರಿಟ್ಸ್ ಎಂಬ ಹಂಗೇರಿ ಮೂಲದ ಅನ್ವೇಷಕ ತನಗೆ ಅದನ್ನು ತೋರಿಸಿದ ಎಂದು ಬರೆದರು. ಮೋರಿಟ್ಸ್ 1969ರ ಜುಲೈನಲ್ಲೇ ಗ್ವಾಯಾಕಿಲ್‌ನ ನೋಟರಿ ಮುಂದೆ ಆ ಲೋಹದ ಗ್ರಂಥಾಲಯ ಕಂಡುಹಿಡಿದಿದ್ದೇನೆ ಎಂದು ದಾಖಲೆ ಮಾಡಿಸಿದ್ದ. ಪುಸ್ತಕ ಬಂದ ಮೇಲೆ ಆತ ತಿರುಗಿ ಬಿದ್ದ. ಡೇನಿಕೆನ್ ಅವರನ್ನು ತಾನು ಗುಹೆಗೆ ಕರೆದುಕೊಂಡು ಹೋಗಿಯೇ ಇಲ್ಲ ಎಂದು ಜರ್ಮನ್ ಪತ್ರಿಕೆಗೆ ಹೇಳಿದ. ವರ್ಣನೆಗೆ ಬಣ್ಣ ಹಚ್ಚಿದ್ದನ್ನು ಡೇನಿಕೆನ್ ಕೂಡ ಆಮೇಲೆ ಸಂದರ್ಶನಗಳಲ್ಲಿ ಒಪ್ಪಿಕೊಂಡರು. ಅಷ್ಟರಲ್ಲಿ ಪುಸ್ತಕ ಹಲವು ಭಾಷೆಗಳಲ್ಲಿ ಬಿಕರಿಯಾಗಿ ಆಗಿತ್ತು.

ಹೀಗೆ ಸಂಬಂಧವೇ ಇಲ್ಲದ ಎರಡು ಸಂಗತಿ ಒಂದಕ್ಕೊಂದು ಅಂಟಿಕೊಂಡವು. ಗುಹೆಯಲ್ಲಿ ಗ್ರಂಥಾಲಯ ಕಾಣಿಸದು, ಆದರೆ ಪಾದ್ರಿಯ ಮನೆಯಲ್ಲಿ ತಗಡು ಕಾಣಿಸುತ್ತದೆ. ಆದ್ದರಿಂದ ತಗಡು ಗುಹೆಯಿಂದಲೇ ಬಂದಿರಬೇಕು! ಪಾದ್ರಿಯ ಬಾಗಿಲಲ್ಲಿ ನಿಂತು ತಗಡು ಮಾರಿದ ಹಳ್ಳಿಗನ ಹೆಸರು ಆ ಲೆಕ್ಕದಲ್ಲಿ ಎಲ್ಲೂ ಬರಲಿಲ್ಲ.

ಗುಹೆ ಮಾತ್ರ ನಿಜವಾದದ್ದು. ಕ್ವೇವಾ ದೆ ಲೊಸ್ ತಾಯೊಸ್ ಅದರ ಹೆಸರು. ತಾಯೊ ಅಂದರೆ ಕತ್ತಲಲ್ಲಿ ಬದುಕುವ ಒಂದು ಹಕ್ಕಿ. ಬಾವಲಿಯ ಹಾಗೆ ಟಕಟಕ ಸದ್ದು ಮಾಡಿ, ಅದರ ಪ್ರತಿಧ್ವನಿಯಿಂದ ದಾರಿ ಕಂಡುಕೊಳ್ಳುತ್ತದೆ. ಮರಿಗಳ ಮೈತುಂಬ ಕೊಬ್ಬು. ಶುವಾರ್ ಜನ ವರ್ಷಕ್ಕೊಮ್ಮೆ ಬಳ್ಳಿಯ ಏಣಿ ಕಟ್ಟಿ ಸುಮಾರು 60 ಮೀಟರ್ ಆಳಕ್ಕೆ ನೇರ ಇಳಿದು ಆ ಮರಿಗಳನ್ನು ಹಿಡಿದು ತರುತ್ತಿದ್ದರು. ಅವರಿಗೆ ಆ ಗುಹೆ ಎಂದೂ ‘ಪತ್ತೆ’ಯಾಗಬೇಕಾಗಿರಲಿಲ್ಲ.

1976ರಲ್ಲಿ ಸ್ಟ್ಯಾನ್ ಹಾಲ್ ಎಂಬ ಸ್ಕಾಟ್ಲೆಂಡಿನ ಎಂಜಿನಿಯರ್ ದೊಡ್ಡದೊಂದು ತಂಡ ಕಟ್ಟಿದರು. ಬ್ರಿಟಿಷ್ ಮತ್ತು ಇಕ್ವೆಡಾರ್ ಸೈನಿಕರು, ಗುಹೆ ಪರಿಣತರು, ವಿಜ್ಞಾನಿಗಳು, ಒಟ್ಟು ನೂರಕ್ಕೂ ಹೆಚ್ಚು ಜನ. ಗೌರವಾಧ್ಯಕ್ಷರು ಯಾರು ಗೊತ್ತಾ? ಚಂದ್ರನ ಮೇಲೆ ಮೊದಲು ಕಾಲಿಟ್ಟ ನೀಲ್ ಆರ್ಮ್‌ಸ್ಟ್ರಾಂಗ್. ಅವರು ಗುಹೆಯೊಳಕ್ಕೆ ಇಳಿದೂ ಬಂದರು. ಗುಹೆಯ ನಕ್ಷೆ ತಯಾರಾಯಿತು. ಗಿಡ, ಕೀಟ, ಪ್ರಾಣಿಗಳ ಮಾದರಿ ಸಿಕ್ಕವು. ಕೊಯ್ದ ಹಾಗೆ ಚೌಕಾಗಿ ಕಾಣುವ ಗೋಡೆಗಳು ಬಂಡೆ ತಾನಾಗಿ ಸೀಳಿ ಆದದ್ದು ಎಂದು ಭೂವಿಜ್ಞಾನಿಗಳು ಹೇಳಿದರು. ಹಳೆಯ ಮಡಕೆ, ಒಂದು ಸಮಾಧಿ ಸಿಕ್ಕವು. ಲೋಹದ ಹಾಳೆ ಒಂದೂ ಸಿಗಲಿಲ್ಲ.

ಆ ತಂಡದಲ್ಲಿ ಇನ್ನೊಬ್ಬ ಪಾದ್ರಿ ಇದ್ದರು, ಪೆದ್ರೊ ಪೊರ್ರಾಸ್. ಇಕ್ವೆಡಾರ್‌ನವರೇ, ಪುರಾತತ್ವವನ್ನೇ ಬದುಕು ಮಾಡಿಕೊಂಡವರು. ಗುಹೆಯಲ್ಲಿ ಸಿಕ್ಕ ವಸ್ತುಗಳನ್ನು ಅಧ್ಯಯನ ಮಾಡಿ 1978ರಲ್ಲಿ ಪ್ರಕಟಿಸಿದರು. ಯಾವ ಪದರದಲ್ಲಿ ಏನು ಸಿಕ್ಕಿತು, ಪಕ್ಕದಲ್ಲಿ ಏನಿತ್ತು, ಹೀಗೆ. ಕ್ರೆಸ್ಪಿ ಮತ್ತು ಪೊರ್ರಾಸ್, ಒಂದೇ ದೇಶದಲ್ಲಿ ಕೆಲಸ ಮಾಡಿದ ಇಬ್ಬರು ಪಾದ್ರಿಗಳು. ಒಬ್ಬರ ಸುತ್ತ ನೂರು ಕತೆ. ಇನ್ನೊಬ್ಬರ ಹೆಸರು ಹೊರಗೆ ಕೇಳಿದವರೇ ಕಡಿಮೆ. ಇದು ನನಗೆ ಬೇಸರದ ವಿಷಯ.

ತಗಡನ್ನು ಕೈಯಲ್ಲಿ ಹಿಡಿದು ನೋಡಿದರೆ

ಈಗ ಮತ್ತೆ ತಗಡಿಗೆ ಬರೋಣ. ಒಂದು ಲೋಹದ ವಸ್ತು ಹಳೆಯದೋ ಹೊಸದೋ ಎಂದು ಹೇಗೆ ತಿಳಿಯುವುದು?

ಮೊದಲು ದಪ್ಪ ನೋಡಬೇಕು. ಸುತ್ತಿಗೆಯಿಂದ ಬಡಿದ ತಗಡು ಎಲ್ಲಾ ಕಡೆ ಒಂದೇ ದಪ್ಪ ಇರುವುದಿಲ್ಲ. ನಡುವೆ ತೆಳು, ಅಂಚಿಗೆ ದಪ್ಪ, ಎಲ್ಲೋ ಒಂದು ಕಡೆ ಸೀಳು. ಬೆಳಕಿಗೆ ಓರೆ ಹಿಡಿದರೆ ಸುತ್ತಿಗೆಯ ಪೆಟ್ಟು ಸಣ್ಣ ಸಣ್ಣ ತಗ್ಗಾಗಿ ಕಾಣುತ್ತದೆ. ಕಾರ್ಖಾನೆಯ ರೋಲರಿನಲ್ಲಿ ಹಾದುಬಂದ ಶೀಟು ಈ ತುದಿಯಿಂದ ಆ ತುದಿಗೆ ಒಂದೇ ಸಮ. ಅಂಚನ್ನು ತಗಡು ಕತ್ತರಿಯಲ್ಲಿ ಕತ್ತರಿಸಿದ್ದರೆ ಕತ್ತರಿ ಕಚ್ಚಿದ ಗುರುತು ಉಳಿಯುತ್ತದೆ.

ಆಮೇಲೆ ಲೋಹ. ಹಿತ್ತಾಳೆ ಅಂದರೆ ತಾಮ್ರ ಮತ್ತು ಸತು. ಸತು ಬಹಳ ತಂಟೆಯ ಲೋಹ. 907 ಡಿಗ್ರಿ ಸೆಲ್ಸಿಯಸ್‌ಗೆ ಕುದಿದು ಆವಿಯಾಗಿಬಿಡುತ್ತದೆ. ಅದಿರಿನಿಂದ ಅದನ್ನು ಬಿಡಿಸಲು ಅದಕ್ಕಿಂತ ಹೆಚ್ಚು ಬಿಸಿ ಬೇಕು. ಅಂದರೆ ಒಲೆಯಲ್ಲಿ ಸತು ಹುಟ್ಟುವಾಗಲೇ ಹೊಗೆಯಾಗಿ ಹಾರಿಹೋಗುತ್ತದೆ. ಅದನ್ನು ಹಿಡಿಯುವ ವಿದ್ಯೆ ಕಷ್ಟದ್ದು. ನಮ್ಮ ರಾಜಸ್ಥಾನದ ಜಾವರ್‌ನಲ್ಲಿ ಮಣ್ಣಿನ ಮೂಸೆಗಳನ್ನು ತಲೆಕೆಳಗಾಗಿ ಇಟ್ಟು ಆವಿಯನ್ನು ಕೆಳಗೆ ಇಳಿಸಿ ತಣಿಸುತ್ತಿದ್ದರು, ಅದಕ್ಕೇ ಜಾವರ್ ಜಗತ್ತಿನ ಲೋಹ ಚರಿತ್ರೆಯಲ್ಲಿ ದೊಡ್ಡ ಹೆಸರು. ಕೊಲಂಬಸ್‌ಗಿಂತ ಮುಂಚಿನ ಅಮೆರಿಕಗಳಲ್ಲಿ ಹಿತ್ತಾಳೆ ಕಸುಬು ಇರಲಿಲ್ಲ. ಅವರ ಬಳಿ ಬಂಗಾರ, ಬೆಳ್ಳಿ, ತಾಮ್ರ, ಕಂಚು ಇತ್ತು. ಹಿತ್ತಾಳೆ ಬಂದದ್ದು ಸ್ಪೇನಿನವರ ಹಡಗಿನಲ್ಲಿ. ಆದ್ದರಿಂದ ಇಕ್ವೆಡಾರ್‌ನಲ್ಲಿ ಒಂದು ಹಿತ್ತಾಳೆ ಶೀಟಿನ ಮೇಲೆ ಏನೇ ಬರೆದಿರಲಿ, ಅದು ಸಾವಿರಾರು ವರ್ಷ ಹಳೆಯದಾಗಲು ಸಾಧ್ಯವಿಲ್ಲ. ಲಿಪಿ ಓದುವ ಮೊದಲು ಲೋಹ ಓದಬೇಕು.

ಚಿತ್ರಕ್ಕೂ ಇದೇ ಮಾತು. ಪಿರಮಿಡ್, ಆನೆ, ರೆಕ್ಕೆಯ ಮನುಷ್ಯ, ಇವೆಲ್ಲ 20ನೇ ಶತಮಾನದ ಶಾಲಾ ಪುಸ್ತಕದಲ್ಲಿ, ಕ್ಯಾಲೆಂಡರಿನಲ್ಲಿ ಸಿಗುವ ಚಿತ್ರಗಳು. ಪಾದ್ರಿಗೆ ಬ್ಯಾಬಿಲೋನ್, ಈಜಿಪ್ಟ್ ಎಂದರೆ ಕಣ್ಣು ಅರಳುತ್ತದೆ ಎಂದು ಮಾರುವವನಿಗೆ ಗೊತ್ತಾಗಲು ಎಷ್ಟು ಹೊತ್ತು ಬೇಕು? ಆನೆ ಬಂದದ್ದು ಆ ದಾರಿಯಲ್ಲಿ ಎಂದು ನಾನು ತಿಳಿಯುತ್ತೇನೆ.

ಇದರ ಪಕ್ಕಕ್ಕೆ ನಿಜವಾದ ಹಳೆಯ ಕೆಲಸ ಇಟ್ಟು ನೋಡಿ. ಆ್ಯಂಡೀಸ್‌ನ ಅಕ್ಕಸಾಲಿಗರು ಬಂಗಾರಕ್ಕೆ ತಾಮ್ರ ಬೆರೆಸುತ್ತಿದ್ದರು. ಆ ಮಿಶ್ರಲೋಹಕ್ಕೆ ತುಂಬಾಗಾ ಎನ್ನುತ್ತಾರೆ. ಒಡವೆ ಮಾಡಿದ ಮೇಲೆ ಅದನ್ನು ಕಾಯಿಸುತ್ತಿದ್ದರು. ಮೇಲ್ಪದರದ ತಾಮ್ರ ಕಪ್ಪಾಗುತ್ತಿತ್ತು. ಹುಳಿ ರಸದಲ್ಲಿ ಅದ್ದಿ ತೊಳೆದರೆ ಆ ಕಪ್ಪು ಹೋಗುತ್ತಿತ್ತು. ಹೀಗೆ ಮತ್ತೆ ಮತ್ತೆ ಮಾಡಿದರೆ ಮೇಲೆ ಬರೀ ಬಂಗಾರ ಉಳಿಯುತ್ತದೆ. ಹೊರಗಿನಿಂದ ಲೇಪ ಹಚ್ಚಿದ್ದಲ್ಲ, ಒಳಗಿಂದಲೇ ಎದ್ದ ಬಂಗಾರ. ಇಕ್ವೆಡಾರ್ ಕರಾವಳಿಯ ಲಾ ಟೊಲಿಟಾದವರು ಇನ್ನೂ ಮುಂದೆ ಹೋಗಿದ್ದರು. ಪ್ಲಾಟಿನಂ ಕರಗಲು ಸುಮಾರು 1770 ಡಿಗ್ರಿ ಬೇಕು. ಅಷ್ಟು ಬಿಸಿ ಅವರ ಒಲೆಯಲ್ಲಿ ಆಗುತ್ತಿರಲಿಲ್ಲ. ಅವರು ಪ್ಲಾಟಿನಂ ಹರಳುಗಳಿಗೆ ಬಂಗಾರದ ಪುಡಿ ಸೇರಿಸಿ ಕಾಯಿಸಿದರು. ಬಂಗಾರ ಕರಗಿ ಹರಳುಗಳನ್ನು ಹಿಡಿದುಕೊಳ್ಳುತ್ತಿತ್ತು. ಬಡಿದು, ಕಾಯಿಸಿ, ಮತ್ತೆ ಬಡಿದು ಅದನ್ನು ಒಂದೇ ಲೋಹದಂತೆ ಮಾಡಿದರು. ಯುರೋಪಿನವರು 18ನೇ ಶತಮಾನದವರೆಗೂ ಪ್ಲಾಟಿನಂ ಏನು ಮಾಡುವುದೆಂದು ತಿಳಿಯದೆ ಒದ್ದಾಡಿದರು.

ಇಂಥ ಕೆಲಸ ಕಣ್ಣೆದುರಿಗೆ ಇರುವಾಗ ಬ್ಯಾಬಿಲೋನಿನವರು ಬಂದು ಕಲಿಸಿದರು, ಆಕಾಶದಿಂದ ಇಳಿದವರು ಕಲಿಸಿದರು ಎಂದರೆ ಆ ಅಕ್ಕಸಾಲಿಗರಿಗೆ ಎಂಥ ಅವಮಾನ! ಇದು ನನ್ನನ್ನು ಹೆಚ್ಚು ಕಾಡುವ ಮಾತು. ಡೇನಿಕೆನ್ ಅವರ ಓದುಗರಿಗೆ ಕಾನ್ಯಾರಿ ಎಂಬ ಹೆಸರೇ ಕಿವಿಗೆ ಬೀಳಲಿಲ್ಲ.

ಕಳೆದದ್ದು ಏನು

ಕ್ರೆಸ್ಪಿ ಬದುಕಿನ ಕೊನೆಯ ವರ್ಷಗಳಲ್ಲಿ ಇಕ್ವೆಡಾರ್‌ನ ಸೆಂಟ್ರಲ್ ಬ್ಯಾಂಕ್ ಅವರ ಸಂಗ್ರಹದಿಂದ ಸಾವಿರಾರು ವಸ್ತುಗಳನ್ನು ಕೊಂಡಿತು. ಆ ದೇಶದಲ್ಲಿ ಆಗ ಮ್ಯೂಸಿಯಂಗಳನ್ನು ಬೆಳೆಸಿದ್ದು ಹೆಚ್ಚಾಗಿ ಆ ಬ್ಯಾಂಕೇ. ಪರಿಣತರು ಕೂತು ಆರಿಸಿದರು. ಮಡಕೆ, ಕಲ್ಲು, ಹಳೆಯ ಲೋಹ, ಸ್ಪ್ಯಾನಿಷ್ ಕಾಲದ ಚಿತ್ರಪಟ, ಇವು ಈ ಕಡೆ. ಹೊಸ ತಗಡು ಆ ಕಡೆ. ಕೊಂಡ ವಸ್ತುಗಳು ಈಗ ಕ್ವೆಂಕಾದ ಪುಮಾಪುಂಗೊ ಮ್ಯೂಸಿಯಂನ ವಶದಲ್ಲಿವೆ. ಪುಮಾಪುಂಗೊ ಅಂದರೆ ಕೆಚುವಾ ಭಾಷೆಯಲ್ಲಿ ಪೂಮಾದ ಬಾಗಿಲು. ತೊಮೆಬಾಂಬಾದ ಇಂಕಾ ಕಟ್ಟಡಗಳ ಅಡಿಪಾಯ ಮ್ಯೂಸಿಯಂ ಹಿಂದೆಯೇ ಇದೆ. ಜರ್ಮನಿಯ ಪುರಾತತ್ವಜ್ಞ ಮಾಕ್ಸ್ ಊಲೆ ಅದನ್ನು ಅಗೆದು ಗುರುತಿಸಿದ್ದು ಕ್ರೆಸ್ಪಿ ಇಕ್ವೆಡಾರ್‌ಗೆ ಬರುವ ಹೊತ್ತಿಗೇ.

ಸರಿ, ನಿಜವಾದದ್ದು ಉಳಿಯಿತಲ್ಲ ಎಂದು ನೀವು ಕೇಳಬಹುದು. ಅರ್ಧ ಮಾತ್ರ ಉಳಿಯಿತು.

ಒಂದು ಮಡಕೆ ಇದೆ ಎಂದುಕೊಳ್ಳಿ. ಅಗೆಯುವಾಗ ಅದು ಗೋರಿಯಲ್ಲಿ ಒಬ್ಬ ಹೆಂಗಸಿನ ತಲೆಯ ಹತ್ತಿರ ಇತ್ತು. ಒಳಗೆ ಸುಟ್ಟ ಜೋಳದ ಕಾಳು. ಪಕ್ಕದಲ್ಲಿ ಕರಾವಳಿಯಿಂದ ಬಂದ ಸ್ಪೊಂಡಿಲಸ್ ಚಿಪ್ಪು. ಈ ಮೂರನ್ನೂ ಇದ್ದಲ್ಲೇ ಗುರುತು ಹಾಕಿಕೊಂಡರೆ ಕಾಳಿನಿಂದ ಕಾಲ ತಿಳಿಯುತ್ತದೆ. ಚಿಪ್ಪಿನಿಂದ ವ್ಯಾಪಾರದ ದಾರಿ ತಿಳಿಯುತ್ತದೆ. ಇಟ್ಟ ಜಾಗದಿಂದ ಆಕೆಯ ಸ್ಥಾನಮಾನ ತಿಳಿಯುತ್ತದೆ. ಅದೇ ಮಡಕೆಯನ್ನು ಹುವಾಕೆರೊ ಎತ್ತಿ, ಕಾಳು ಕೊಡವಿ, ತೊಳೆದು, ಚೀಲದಲ್ಲಿ ತಂದು ಪಾದ್ರಿಯ ಮೇಜಿನ ಮೇಲಿಟ್ಟರೆ ಏನು ಉಳಿಯಿತು? ಒಂದು ಚೆಂದದ ಮಡಕೆ. ಅಷ್ಟೇ. ಎಲ್ಲಿ ಸಿಕ್ಕಿತು ಎಂದು ಕೇಳಿದರೆ ಮಾರುವವನು ತನಗೆ ಅನುಕೂಲವಾದ ಊರು ಹೇಳುತ್ತಾನೆ, ಇಲ್ಲವೇ ಕೇಳುವವರಿಗೆ ಇಷ್ಟವಾಗುವ ಗುಹೆಯ ಹೆಸರು ಹೇಳುತ್ತಾನೆ.

ಇದು ಕ್ರೆಸ್ಪಿಯವರೊಬ್ಬರ ತಪ್ಪಲ್ಲ. ಸೆಂಟ್ರಲ್ ಬ್ಯಾಂಕಿನ ಲಾಂಛನವಾದ ‘ಬಂಗಾರದ ಸೂರ್ಯ’ ಮುಖವಾಡವನ್ನೇ ನೋಡಿ. ಇಕ್ವೆಡಾರ್‌ನ ಅತಿ ಪ್ರಸಿದ್ಧ ಹಳೆಯ ವಸ್ತು ಅದು. ಲಾ ಟೊಲಿಟಾದ್ದು ಎಂದು ಕೆಲವರು, ಅಲ್ಲ, ಕ್ವೆಂಕಾ ಹತ್ತಿರದ ಸಿಗ್ಸಿಗ್ ಸೀಮೆಯಲ್ಲಿ ಸಿಕ್ಕಿದ್ದು ಎಂದು ಇನ್ನು ಕೆಲವರು. ಸಂಗ್ರಾಹಕರ ಕೈ ದಾಟಿ ಬಂದದ್ದರಿಂದ ಈ ಜಗಳ ಇವತ್ತಿಗೂ ಮುಗಿದಿಲ್ಲ. ಬಂಗಾರ ನಿಜ, ಕೆಲಸ ನಿಜ, ಊರು ಮಾತ್ರ ಕಳೆದುಹೋಗಿದೆ.

ಆದರೆ ಕ್ರೆಸ್ಪಿ ಪ್ರಕರಣದಲ್ಲಿ ಇನ್ನೊಂದು ಪೆಟ್ಟು ಇದೆ. ನಕಲಿಯ ಜೊತೆ ಕೂತ ಅಸಲಿಗೂ ಕಳಂಕ ತಗುಲಿತು. ಕ್ರೆಸ್ಪಿ ಸಂಗ್ರಹ ಎಂದ ಕೂಡಲೇ ವಿದ್ವಾಂಸರು ಹಿಂದೆ ಸರಿದರು, ರಹಸ್ಯ ಹುಡುಕುವವರು ಮುಂದೆ ಬಂದರು. ಕಾನ್ಯಾರಿ ಕುಂಬಾರನ ಕೈಯ ಒಳ್ಳೆಯ ಪಾತ್ರೆಯನ್ನು ಯಾರೂ ಕೇಳಲಿಲ್ಲ. ಎಲ್ಲರಿಗೂ ಆನೆಯ ತಗಡೇ ಬೇಕಾಯಿತು.

ನಾನು ಕ್ರೆಸ್ಪಿಯವರ ಜಾಗದಲ್ಲಿದ್ದರೆ ಏನು ಮಾಡುತ್ತಿದ್ದೆ? ಹಸಿದವನನ್ನು ವಾಪಸ್ ಕಳಿಸುವುದು ನನ್ನಿಂದಲೂ ಆಗುತ್ತಿರಲಿಲ್ಲ. ಆದರೆ ಒಂದು ನೋಟ್‌ಬುಕ್ ಸಾಕಿತ್ತು. ಇಂಥ ದಿನ, ಇಂಥ ಊರಿನವನು, ಇಷ್ಟು ದುಡ್ಡು, ಇದು ಈಗ ಮಾಡಿದ್ದು ಎಂದು ನನಗೆ ಅನುಮಾನ. ನಾಲ್ಕು ಸಾಲು. ನಿಸರ್ಗ ವಿಜ್ಞಾನ ಓದಿ, ಗಿಡದ ಮಾದರಿಗೆ ಚೀಟಿ ಅಂಟಿಸಿ ಅಭ್ಯಾಸವಿದ್ದ ಮನುಷ್ಯ ಮಡಕೆಗೆ ಅದನ್ನು ಮಾಡಲಿಲ್ಲ. ಶಾಲೆ, ಊಟ, ಚರ್ಚು, ಬೆಂಕಿಯ ನಂತರದ ಕಟ್ಟಡ, ಇವುಗಳ ನಡುವೆ ಅವರಿಗೆ ಹೊತ್ತು ಸಿಗಲಿಲ್ಲ ಎಂದು ನಾನು ಅಂದುಕೊಳ್ಳುತ್ತೇನೆ. ಅವರನ್ನು ದೂರಲು ಮನಸ್ಸು ಬರುವುದಿಲ್ಲ. ಕಳೆದದ್ದು ದೊಡ್ಡದು ಎನ್ನುವುದನ್ನೂ ಮುಚ್ಚಿಡಲಾಗುವುದಿಲ್ಲ.

ಕಾಡಿನ ಕೆಳಗೆ ನಿಜಕ್ಕೂ ಇದ್ದದ್ದು

ತಾಯೊಸ್ ಗುಹೆ ಇರುವ ಅದೇ ಮೊರೊನಾ ಸಾಂತಿಯಾಗೊ ಪ್ರಾಂತ್ಯದಲ್ಲಿ ಉಪಾನೊ ಎಂಬ ನದಿ ಕಣಿವೆ ಇದೆ. ಕ್ರೆಸ್ಪಿಯವರ ಸಲೇಷಿಯನ್ ಮಿಷನ್ ಕೆಲಸ ಮಾಡುತ್ತಿದ್ದ ಸೀಮೆಯೂ ಅದೇ. ಪಾದ್ರಿ ಪೊರ್ರಾಸ್ ಅಲ್ಲಿನ ಮಣ್ಣಿನ ದಿಬ್ಬಗಳನ್ನು ಅಗೆದು ಇದು ಪುರಾತನ ನೆಲೆ ಎಂದು ದಶಕಗಳ ಹಿಂದೆಯೇ ಬರೆದಿದ್ದರು. ಆಮೇಲೆ ಫ್ರಾನ್ಸಿನ ಸ್ಟೆಫೆನ್ ರೊಸ್ಟೈನ್ ಅಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದರು. ವಿಮಾನದಿಂದ ಲೇಸರ್ ಕಿರಣ ಬಿಟ್ಟು ಮರಗಳ ಕೆಳಗಿನ ನೆಲದ ಆಕಾರ ತೆಗೆಯುವ ಲೈಡಾರ್ ತಂತ್ರವನ್ನು ಬಳಸಿದಾಗ ಇಡೀ ಚಿತ್ರ ಎದ್ದು ಬಂತು. 2024ರ ಜನವರಿಯಲ್ಲಿ ಅದು ಪ್ರಕಟವಾಯಿತು. ಸುಮಾರು 300 ಚದರ ಕಿಲೋಮೀಟರ್‌ನಲ್ಲಿ 6000ಕ್ಕೂ ಹೆಚ್ಚು ಮಣ್ಣಿನ ಜಗುಲಿಗಳು. ಅವುಗಳ ನಡುವೆ ನೇರ ರಸ್ತೆಗಳು, ಕಾಲುವೆಗಳು, ಹೊಲಗಳು. ಸುಮಾರು 2500 ವರ್ಷಗಳ ಹಿಂದೆ ಶುರುವಾದ ನಗರಗಳು.

ಅಲ್ಲಿ ಲೋಹದ ಹಾಳೆಗಳ ಗ್ರಂಥಾಲಯ ಇಲ್ಲ. ಒಬ್ಬೊಬ್ಬರಾಗಿ ಬುಟ್ಟಿಯಲ್ಲಿ ಮಣ್ಣು ಹೊತ್ತು ಸುರಿದು ಎಬ್ಬಿಸಿದ ಜಗುಲಿಗಳಿವೆ. ಅದರ ಮೇಲಿದ್ದ ಮನೆಗಳ ಒಲೆ, ಮಡಕೆ ಚೂರು, ಬೀಸುವ ಕಲ್ಲು ಇವೆ. ಇವು ಇದ್ದಲ್ಲೇ ಸಿಕ್ಕಿದವು, ಎತ್ತಿ ತಂದು ಮಾರಿದವಲ್ಲ. ಅದಕ್ಕೇ ಅವು ಮಾತಾಡುತ್ತಿವೆ.

ಆನೆಯ ತಗಡಿಗೂ ಒಂದು ಜಾಗ ಸಿಗಬೇಕು ಎಂಬುದು ನನ್ನ ಆಸೆ. ಅದನ್ನು ಕಸ ಎಂದು ಮೂಲೆಗೆ ಹಾಕುವುದು ಸರಿಯಲ್ಲ. ಟೋಪಿ ವ್ಯಾಪಾರ ಬಿದ್ದ ಕಾಲದಲ್ಲಿ ಕ್ವೆಂಕಾ ಸುತ್ತಲಿನ ಒಬ್ಬ ಕಸುಬುದಾರ ಒಂದು ಹಿತ್ತಾಳೆ ಶೀಟು ತಂದ. ತಾನು ಕಣ್ಣಾರೆ ಕಾಣದ ಪ್ರಾಣಿಯನ್ನು ಪುಸ್ತಕ ನೋಡಿ ಕೊರೆದ. ಲಿಪಿಯೊಂದನ್ನು ಕಟ್ಟಿದ. ಅದನ್ನು ಮಾರಿ ಮನೆಗೆ ಅಕ್ಕಿ, ಜೋಳ ತಂದ. ಪುಮಾಪುಂಗೊದಲ್ಲಿ ಒಂದು ಗಾಜಿನ ಪೆಟ್ಟಿಗೆಯೊಳಗೆ ಆ ತಗಡನ್ನು ಇಟ್ಟು, ಕೆಳಗೆ ಹೀಗೊಂದು ಚೀಟಿ ಅಂಟಿಸಬಹುದು: ‘ಹಿತ್ತಾಳೆ ಶೀಟು, 20ನೇ ಶತಮಾನ, ಕ್ವೆಂಕಾ ಸೀಮೆ. ಮಾಡಿದವರ ಹೆಸರು ಬರೆದಿಟ್ಟಿಲ್ಲ. ಕೊಂಡವರು: ಫಾದರ್ ಕಾರ್ಲೊ ಕ್ರೆಸ್ಪಿ.’